ಎಂಟು ಮನೆ, ಒಂದು ಅಂಗಳ: ಲಾಕ್‌ಡೌನಿನಲ್ಲಿ ನಮ್ಮ ವಠಾರ

ನಾನು ಆಪ್ತಸಮಾಲೋಚಕಿ. ಬಳ್ಳಾರಿಯ ಕೌಲ್‌ಬಜಾರ್ ಕಡೆ ಎಂಟು ಮನೆಗಳ ವಠಾರದಲ್ಲಿ ಬಾಡಿಗೆಗೆ ಇದ್ದೇನೆ. ನಡುವೆ ಅಂಗಳ, ಎಲ್ಲರಿಗೂ ಒಂದೇ ಬೋರು, ಒಂದೇ ಮಾಳಿಗೆ. ಜೀನ್ಸ್ ಹೊಲಿಯುವವರೇ ಜಾಸ್ತಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಮಷೀನುಗಳೆಲ್ಲ ನಿಂತವು.

"ಇಷ್ಟು ಮಂದಿ ಒಂದೇ ಕಡೆ ಅದೀರಿ, ನಿಮಗೇನು ಬ್ಯಾಸರ?" ಎಂದು ಫೋನಿನಲ್ಲಿ ಕೇಳಿದವರಿದ್ದರು. ಮಂದಿ ಇದ್ದಾರೆ ಅಂದ ಮಾತ್ರಕ್ಕೆ ಒಂಟಿತನ ಹೋಗುವುದಿಲ್ಲ. ಕೆಲಸವಿಲ್ಲದ ಗಂಡಸು, ಮೂರು ಹೊತ್ತೂ ಒಲೆ ಮುಂದಿರುವ ಹೆಂಗಸು, ಶಾಲೆಯಿಲ್ಲದ ಮಕ್ಕಳು ಹತ್ತಡಿ ಕೋಣೆಯಲ್ಲಿ ದಿನವಿಡೀ ಕೂತರೆ ಒಂದೋ ಮಾತು ನಿಲ್ಲುತ್ತದೆ, ಇಲ್ಲಾ ಜಗಳ ಹತ್ತುತ್ತದೆ.

ಕೆಲಸ ಹೋದ ಮನೆಯಲ್ಲಿ ಮೊದಲು ಕೆಡುವುದು ನಿದ್ದೆ. ರಾತ್ರಿ ಎರಡರ ತನಕ ಫೋನು, ಬೆಳಿಗ್ಗೆ ಹತ್ತಕ್ಕೆ ಏಳುವುದು, ಹಗಲೆಲ್ಲ ಮಂಕು. ಹಾಗಾಗಿ ಬೋರಿನ ಮೋಟರ್ ಬೆಳಿಗ್ಗೆ ಏಳಕ್ಕೇ ಹಾಕುವುದು ಎಂದು ಎಲ್ಲರೂ ಕೂಡಿ ಗೊತ್ತು ಮಾಡಿದೆವು. ನೀರು ಬೇಕು ಅಂದ್ರೆ ಏಳಲೇಬೇಕಲ್ವಾ? ಸಂಜೆ ಬಿಸಿಲು ಇಳಿದ ಮೇಲೆ ಅವರವರ ಬಾಗಿಲ ಮುಂದೆ ಕೂತು ಚಹಾ. ಆಗ ಕೊರೊನಾ ಸುದ್ದಿ ಎತ್ತುವಂತಿಲ್ಲ. ಟಿವಿ ಸುದ್ದಿ ಮಧ್ಯಾಹ್ನ ಒಂದು ಸಲ ಸಾಕು.

ಇಷ್ಟು ಹತ್ತಿರ ಬದುಕುವವರಿಗೆ ಒಬ್ಬರೇ ಇರುವ ಜಾಗವೂ ಬೇಕು. ಮಾಳಿಗೆಯನ್ನು ಪಾಳಿ ಹಚ್ಚಿದೆವು. ಒಬ್ಬೊಬ್ಬರಿಗೆ ಅರ್ಧ ತಾಸು, ಮೇಲಿರುವವರನ್ನು ಯಾರೂ ಕೂಗುವಂತಿಲ್ಲ. ಮೊದಲ ಪಾಳಿ ಹೆಂಗಸರಿಗೇ ಎಂದು ಹಟ ಹಿಡಿದೆ. ಗಂಡಸರು ಕಿರಾಣಿ ತರುವ ನೆಪಕ್ಕಾದರೂ ಹೊರಗೆ ಹೋಗಿ ಬರುತ್ತಿದ್ದರು, ಇವರಿಗೆ ಅದೂ ಇರಲಿಲ್ಲ. "ಅಕ್ಕಾ, ಮ್ಯಾಲೆ ಹೋಗಿ ಏನೂ ಮಾಡ್ಲಿಲ್ಲ, ಸುಮ್ನೆ ಕುಂತು ಬಂದೆ" ಎಂದಳು ಮೂರು ಮಕ್ಕಳ ತಾಯಿ. ಅದಕ್ಕೇ ತಾನೇ ಕಳಿಸಿದ್ದು!

ಮನಸ್ಸು ಹೇಗಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ "ಆರಾಮ ಅದೀವಿ" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. "ರಾತ್ರಿ ನಿದ್ದಿ ಬಂತೇನ್ರಿ? ಎಷ್ಟು ರೊಟ್ಟಿ ಉಂಡ್ರಿ?" ಎಂದು ಕೇಳುತ್ತಿದ್ದೆ. ಮೂಲೆಮನೆ ಅಜ್ಜ ಎರಡು ರೊಟ್ಟಿಯಿಂದ ಅರ್ಧಕ್ಕೆ ಇಳಿದದ್ದು ಗೊತ್ತಾಗಿದ್ದು ಹೀಗೆ. ಅವರ ಮಗ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ. ರಾತ್ರಿ ಊಟದ ಹೊತ್ತಿಗೆ ಅಜ್ಜನಿಗೆ ವಿಡಿಯೋ ಕಾಲ್ ಹಚ್ಚಿಕೊಡುವ ಕೆಲಸವನ್ನು ಪಕ್ಕದ ಮನೆ ಹುಡುಗನಿಗೆ ಒಪ್ಪಿಸಿದೆ. ಮಗ ಅಲ್ಲಿ ಉಣ್ಣುವುದನ್ನು ನೋಡುತ್ತಾ ಅಜ್ಜ ಇಲ್ಲಿ ಉಣ್ಣತೊಡಗಿದರು.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಕುಡಿತ. ಲಾಕ್‌ಡೌನಿಗೆ ಮುಚ್ಚಿದ ಮದ್ಯದಂಗಡಿಗಳು ಮತ್ತೆ ತೆರೆದದ್ದು ಮೇ 4ಕ್ಕೆ. ಅಲ್ಲಿಯ ತನಕ ಕುಡಿಯಲು ಸಿಗುತ್ತಿರಲಿಲ್ಲ. "ಚಲೋ ಆತು, ಬಿಟ್ಟಂಗಾತು" ಎಂದು ಹೆಂಗಸರು ಖುಷಿಪಟ್ಟರು. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಮ್ಮ ಟೇಲರ್ ಅಣ್ಣನೊಬ್ಬನಿಗೆ ಕೈ ನಡುಗಿ ಚಹಾದ ಲೋಟ ಹಿಡಿಯಲು ಆಗಲಿಲ್ಲ. ಅಂಗಿ ಬೆವರಿಗೆ ತೊಯ್ದಿತ್ತು. ಇರುವೆ ಹರಿದಾಡುತ್ತಿವೆ ಎಂದು ಖಾಲಿ ಗೋಡೆಯನ್ನು ಅಂಗೈಯಿಂದ ಒರೆಸುತ್ತಲೇ ಇದ್ದ. ಗಾಳಿ ಸೋಕಿದೆ ಎಂದರು ಮನೆಯವರು. ಇದು ಕುಡಿತ ನಿಂತ ಎರಡು ಮೂರು ದಿನಕ್ಕೆ ಬರುವ ಸನ್ನಿ, ಫಿಟ್ಸ್ ಕೂಡ ಬರಬಹುದು. ನನ್ನ ಮಾತಿನಿಂದ ಇಳಿಯುವಂಥದ್ದಲ್ಲ. 108 ಕರೆಸಿ ವಿಮ್ಸ್ ಆಸ್ಪತ್ರೆಗೆ ಸೇರಿಸಿದೆವು, ಗುಣವಾಗಿ ಬಂದ. ಅವತ್ತೇ ಕುಡಿಯುವವರಿದ್ದ ಬೇರೆ ಮನೆಗಳಿಗೂ ಹೋಗಿ ನಡುಕ, ಬೆವರು, ನಿದ್ದೆಗೇಡು, ಇಲ್ಲದ್ದು ಕಾಣುವುದು, ಇವು ಕಂಡರೆ ಕಾಯಬೇಡಿ ಎಂದು ಹೇಳಿ ಬಂದೆ.

ಕಾಯಿಲೆಯನ್ನು ಜನರ ನಡುವೆಯೇ ಗುರುತಿಸುವ ಈ ದಾರಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1985ರಲ್ಲಿ ನಿಮ್ಹಾನ್ಸ್ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಇದನ್ನೇ ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದು ನನಗೆ ತುಂಬಾ ಹೆಮ್ಮೆಯ ವಿಷಯ.

2021ರ ಎರಡನೇ ಅಲೆಯಲ್ಲಿ ಸೋಂಕು ವಠಾರದೊಳಗೇ ಬಂತು. ಊಟ ಹೊಸ್ತಿಲ ಹೊರಗೆ ಇಟ್ಟೆವು. ಜೊತೆಗೆ ಆ ಮನೆಯ ಕಿಟಕಿಯ ಹೊರಗೆ, ದೂರದಲ್ಲಿ ಕುರ್ಚಿ ಹಾಕಿ ಸಂಜೆ ಒಬ್ಬರು ಮಾತಾಡಿಸಲು ಕೂರುವ ಪಾಳಿ ಮಾಡಿದೆವು. ಜ್ವರ ಬಂದವರು ಊಟಕ್ಕಿಂತ ಕುರ್ಚಿಗೆ ಯಾರು ಬರುತ್ತಾರೆ ಎಂದೇ ಕಾಯುತ್ತಿದ್ದರು.

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ಮೋಟರ್ ಸ್ವಿಚ್ಚಿನ ಪಕ್ಕ ದೊಡ್ಡದಾಗಿ ಬರೆಸಿದ್ದೇನೆ. ವಠಾರದಲ್ಲಿ ಎಲ್ಲರ ಕಣ್ಣೂ ಬೀಳುವ ಜಾಗ ಅದೊಂದೇ.