ಇಂಗ್ಲಿಷಿನಲ್ಲಿ ‘ರೀ’ ಹಚ್ಚುವುದು ಹೇಗೆ?

ವಿಜಯಪುರದ ಕಡೆ ಮಾತಿಗೆ ‘ರೀ’ ಹಚ್ಚಿದರೆ ಅರ್ಧ ಅನುಮತಿ ಸಿಕ್ಕಂತೆಯೇ. ‘ಒಳಗೆ ಬರಲೇನ್ರೀ?’ ಎಂದು ಬಾಗಿಲಲ್ಲಿ ನಿಂತವರನ್ನು ಬೇಡ ಎನ್ನುವುದು ಕಷ್ಟ. ಇಂಗ್ಲಿಷಿನಲ್ಲಿ ‘ಸರ್’ ಇದೆ, ನಿಜ. ಆದರೆ ಸಾಲಿಗೊಂದು ‘ಸರ್’ ಸೇರಿಸಿದ ಮಾತ್ರಕ್ಕೆ ಮರ್ಯಾದೆ ಏರುವುದಿಲ್ಲ. ಅಲ್ಲಿ ಅನುಮತಿ ಕೇಳುವಾಗ ‘ರೀ’ ಕೂತಿರುವುದು ವಾಕ್ಯದ ಬಾಲದಲ್ಲಲ್ಲ, ತಲೆಯಲ್ಲಿ: ‘ಕ್ಯಾನ್’, ‘ಕುಡ್’, ‘ಮೇ’ಗಳಲ್ಲಿ.

ಮೊದಲು, ಎದುರಿಗಿರುವವರು ಯಾರು ಎಂದು ನೋಡಿ. ಗೆಳೆಯರು, ಮನೆಯವರು, ಪಕ್ಕದ ಬೆಂಚಿನವರು ಆದರೆ ‘ಕ್ಯಾನ್ ಐ ಟೇಕ್ ಯುವರ್ ಪೆನ್?’ ಸಾಕು. ಇಲ್ಲಿ ‘ಮೇ ಐ’ ಎಂದರೆ ತಮ್ಮನಿಗೆ ‘ತಾವು ದಯಮಾಡಿಸಬೇಕು’ ಅಂದಂತೆ. ‘ಕ್ಯಾನ್’ ಎಂದರೆ ಸಾಮರ್ಥ್ಯ ಮಾತ್ರ ಎಂದು ಹಳೆಯ ಮೇಷ್ಟ್ರುಗಳು ಗದರುತ್ತಿದ್ದರು. ಈಗ ನಿಘಂಟುಗಳೇ ಅದಕ್ಕೆ ಅನುಮತಿಯ ಅರ್ಥವನ್ನೂ ಕೊಡುತ್ತವೆ.

ಗುರುತಿಲ್ಲದವರು, ಬ್ಯಾಂಕಿನ ಕೌಂಟರಿನವರು, ಮೇಲಧಿಕಾರಿ ಆದರೆ ‘ಕುಡ್ ಐ’. ಭೂತಕಾಲದಂತೆ ಕಂಡರೂ ಇದು ಸೌಜನ್ಯದ ರೂಪ. ಸಂದರ್ಶನ, ಸಭೆ, ಪ್ರಾಂಶುಪಾಲರ ಕೊಠಡಿಗೆ ‘ಮೇ ಐ’. ‘ಮೈಟ್ ಐ’ ಎಂಬುದೂ ಒಂದಿದೆ, ಅದರ ಗೊಡವೆ ಬೇಡ.

ಕೇಳುವುದಕ್ಕಿಂತ ಉತ್ತರ ಕೊಡುವಾಗಲೇ ನಾವು ಎಡವುವುದು ಹೆಚ್ಚು. ‘ಕುಡ್ ಐ ಲೀವ್ ಅರ್ಲಿ?’ ಎಂದು ಕೇಳಿದವರಿಗೆ ‘ಯೆಸ್, ಯೂ ಕುಡ್’ ಎನ್ನಬಾರದು, ‘ಯೂ ಕ್ಯಾನ್’ ಎನ್ನಬೇಕು. ಬೇಡುವವರು ಬಾಗಬಹುದು, ಕೊಡುವವರು ಬಾಗಬೇಕಿಲ್ಲ.

ಇದಕ್ಕಿಂತ ದೊಡ್ಡ ಹೊಂಡ ‘ವುಡ್ ಯೂ ಮೈಂಡ್’. ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ, ವಿಜಯಪುರದಿಂದ ಹುಬ್ಬಳ್ಳಿ ಕಡೆಗೆ ಹೊರಟ ರೈಲಿನಲ್ಲಿ, ಗೋಳಗುಮ್ಮಟ ನೋಡಿಕೊಂಡು ಬಾದಾಮಿಗೆ ಹೊರಟಿದ್ದ ವಿದೇಶಿ ಪ್ರವಾಸಿಯೊಬ್ಬರು ನನ್ನ ಎದುರು ಕೂತಿದ್ದರು. ಕಿಟಕಿಗೆ ಕೈ ಇಟ್ಟು, ‘ವುಡ್ ಯೂ ಮೈಂಡ್ ಇಫ್ ಐ ಓಪನ್ಡ್ ದ ವಿಂಡೋ?’ ಎಂದು ಕೇಳಿದರು. ನಾನು ಉತ್ಸಾಹದಿಂದ ‘ಯೆಸ್, ಯೆಸ್’ ಎಂದೆ. ಅವರು ಕೈ ಹಿಂದೆ ತೆಗೆದುಕೊಂಡು, ಆಲಮಟ್ಟಿ ದಾಟುವವರೆಗೂ ಬೆವರು ಒರೆಸಿಕೊಳ್ಳುತ್ತ ಕೂತರು. ಅವರು ಕೇಳಿದ್ದು ‘ತೆರೆದರೆ ನಿಮ್ಮದೇನಾದರೂ ತಕರಾರು ಇದೆಯೇ?’ ಎಂದು, ನಾನು ‘ಇದೆ, ಇದೆ’ ಎಂದಿದ್ದೆ! ಒಪ್ಪಿಗೆ ಇದ್ದರೆ ‘ನೋ, ನಾಟ್ ಅಟ್ ಆಲ್’ ಎನ್ನಬೇಕು. ‘ಓಪನ್ಡ್’ ಏಕೆ ಎಂದು ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ‘ತೆರೆದರೆ’ಯೊಳಗೂ ‘ತೆರೆದ’ ಇದೆಯಲ್ಲ.

ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ರಜೆ ಅರ್ಜಿಯಲ್ಲಿ ‘ಐ ವಾಂಟ್ ಲೀವ್’ ಎಂದರೆ ಅದು ಅರ್ಜಿಯಲ್ಲ, ಹುಕುಂ. ‘ಮೇ ಐ ಟೇಕ್ ಲೀವ್ ಆನ್ ಫ್ರೈಡೇ?’ ಎಂದು ಬರೆಯಿರಿ. ಇನ್ನು ‘ಹಿ ಮೇ ಗೋ’ ಎಂಬುದು ನಮ್ಮ ‘ಅವನು ಹೋಗಬಹುದು’ ಇದ್ದಂತೆಯೇ: ಹೋಗಲು ಬಿಟ್ಟಿದ್ದಾರೋ, ಹೋದರೂ ಹೋದಾನೋ ತಿಳಿಯದು. ಅನುಮತಿ ಎಂದೇ ಖಚಿತವಾಗಬೇಕಾದರೆ ‘ಹಿ ಈಸ್ ಅಲೌಡ್ ಟು ಗೋ’. ಸೂಚನಾ ಫಲಕಕ್ಕೆ ‘ಪರ್ಮಿಟೆಡ್’ ಒಪ್ಪುತ್ತದೆ, ಅಡುಗೆಮನೆಗೆ ಒಪ್ಪುವುದಿಲ್ಲ.

ನಿನ್ನೆ ಒಂದು ದಿನದ ಮಟ್ಟಿಗೆ ಬೇಗ ಹೋಗಲು ಬಿಟ್ಟರು ಎನ್ನಲು ‘ಐ ಕುಡ್ ಲೀವ್ ಅರ್ಲಿ’ ಸರಿಹೊಂದದು, ‘ಐ ವಾಸ್ ಅಲೌಡ್ ಟು ಲೀವ್ ಅರ್ಲಿ’ ಎನ್ನಿ. ಬಿಡಲಿಲ್ಲ ಎನ್ನಲು ಮಾತ್ರ ‘ಕುಡಂಟ್’ ಕೂಡ ನಡೆಯುತ್ತದೆ.