ಎಂಚಿಲಾಡದ ಕೆಂಪು ಮೆಣಸಿನ ಸಾಸ್: ನನ್ನ ಅನುಭವ

ಮೆಕ್ಸಿಕೋದ ಗ್ವಾದಲಹಾರ ನಗರದಲ್ಲಿ ಸಂಸಾರ ಹೂಡಿದ ಮೇಲೆ ನನ್ನ ಅಡುಗೆಮನೆಯಲ್ಲಿ ಬೇರೂರಿದ ಪದಾರ್ಥವೆಂದರೆ ಎಂಚಿಲಾಡಕ್ಕೆ, ಅಂದರೆ ಹೂರಣವಿಟ್ಟು ಸುತ್ತಿದ ಮೆಕ್ಕೆಜೋಳದ ರೊಟ್ಟಿಗೆ, ಬಳಸುವ ಕೆಂಪು ಮೆಣಸಿನ ಸಾಸ್. ಟೊಮೆಟೊ ಸೇರಿಸುವವರು ಇಲ್ಲಿಯೂ ಇದ್ದಾರೆ, ನಾನು ಸೇರಿಸುವುದಿಲ್ಲ. ಮೈದಾ ಹುರಿದು ಮೆಣಸಿನಪುಡಿ ಬೆರೆಸುವುದಂತೂ ಗಡಿಯಾಚೆಯ ಟೆಕ್ಸಸ್ ಕಡೆಯ ರೂಢಿ. ಬಣ್ಣವಾಗಲಿ, ರುಚಿಯಾಗಲಿ, ಮಂದವಾದ ಹದವಾಗಲಿ ಒಣಮೆಣಸಿನಕಾಯಿಯ ತಿರುಳಿನಿಂದಲೇ ಬರಬೇಕೆಂಬುದು ನನ್ನ ಪಟ್ಟು.

ನಾಲ್ಕು ಜನರಿಗೆ 8 ಗುವಾಹಿಯೊ, 3 ಆಂಚೊ, 2 ಆರ್ಬೊಲ್, ಹೀಗೆ ಮೂರು ಬಗೆಯ ಒಣಮೆಣಸಿನಕಾಯಿಗಳು ಸಾಕು. ನುಣುಪು ಸಿಪ್ಪೆಯ ಗುವಾಹಿಯೊ ಬಣ್ಣ ಕೊಡುತ್ತದೆ. ಹಣ್ಣಾದ ಪೊಬ್ಲಾನೊ ಕಾಯಿಯನ್ನು ಒಣಗಿಸಿದಾಗ ಸಿಗುವ ಸುಕ್ಕುಸುಕ್ಕಾದ ಆಂಚೊ, ಒಣದ್ರಾಕ್ಷಿಯ ಛಾಯೆಯ ಸಿಹಿಯನ್ನೂ ಮಂದತೆಯನ್ನೂ ತರುತ್ತದೆ. ಖಾರದ ಹೊಣೆ ಪುಟ್ಟ ಆರ್ಬೊಲ್‌ನದು. ಸಾನ್ ಹುವಾನ್ ದೆ ದಿಯೋಸ್ ಮಾರುಕಟ್ಟೆಯಲ್ಲಿ ಕೊಳ್ಳುವಾಗ ನಾನು ಆಂಚೊವನ್ನು ಬಾಗಿಸಿ ನೋಡುತ್ತೇನೆ. ಬಾಗಿದರೆ ಹೊಸದು, ಪಟಕ್ಕನೆ ಮುರಿದರೆ ಹಳೆಯ ಸರಕು.

ತೊಟ್ಟು, ಬೀಜ ತೆಗೆದ ಕಾಯಿಗಳನ್ನು ಬಿಡಿಸಿ, ಕೊಮಾಲ್ ಎಂಬ ಚಪ್ಪಟೆ ಕಾವಲಿಯ ಮೇಲೆ ಮಧ್ಯಮ ಉರಿಯಲ್ಲಿ ಸಟ್ಟುಗದಿಂದ ಒತ್ತುತ್ತಾ ಬಾಡಿಸಬೇಕು. ಒಂದೊಂದು ಮಗ್ಗುಲಿಗೆ ಕೆಲವೇ ಸೆಕೆಂಡುಗಳು: ಸಿಪ್ಪೆಯ ಮೇಲೆ ಸಣ್ಣ ಗುಳ್ಳೆಗಳೆದ್ದು, ಒಳಮೈಯ ಬಣ್ಣ ತುಸು ತಿಳಿಯಾಗಿ, ಪರಿಮಳ ಬಂದೊಡನೆ ಇಳಿಸಬೇಕು. ಕಪ್ಪಾದರೆ ಆ ಕಹಿಯನ್ನು ಉಪ್ಪಾಗಲಿ ಸಕ್ಕರೆಯಾಗಲಿ ಮುಚ್ಚಲಾರದು. ಆರ್ಬೊಲ್ ಬಲುಬೇಗ ಸೀಯುವುದರಿಂದ ಅದು ಕೊನೆಗೆ. ಘಾಟೇಳುವ ಮೊದಲೇ ಕಿಟಕಿ ತೆರೆದಿಟ್ಟರೆ ಮನೆಮಂದಿಗೆ ಉಪಕಾರ.

ಬಾಡಿಸಿದ ಕಾಯಿಗಳನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಆ ನೀರಿನ ರುಚಿ ನೋಡುತ್ತೇನೆ. ಕಹಿಯಿದ್ದರೆ ಚೆಲ್ಲಿ ಹೊಸ ನೀರು ಬಳಸುತ್ತೇನೆ. ಸಿಪ್ಪೆಸಹಿತ ಸುಟ್ಟು ಸುಲಿದ 3 ಎಸಳು ಬೆಳ್ಳುಳ್ಳಿ, ಕಾಲು ಈರುಳ್ಳಿ, ಕಾಲು ಚಮಚ ಜೀರಿಗೆ, ಅರ್ಧ ಚಮಚ ಮೆಕ್ಸಿಕನ್ ಒರೆಗಾನೊ ಸೇರಿಸಿ ನುಣ್ಣಗೆ ರುಬ್ಬಬೇಕು. ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊ ತುಳಸಿಯ ಕುಟುಂಬಕ್ಕೆ ಸೇರಿದ್ದು. ಇದು ಬೇರೆಯೇ ಸಸ್ಯ, ಇದರ ಘಮದಲ್ಲಿ ನಿಂಬೆಯ ಸೊಗಡಿದೆ. ಗುವಾಹಿಯೊ ಸಿಪ್ಪೆ ಎಷ್ಟು ರುಬ್ಬಿದರೂ ಚೂರುಚೂರಾಗಿ ಉಳಿಯುವುದರಿಂದ ಜರಡಿಯಲ್ಲಿ ಸೋಸಲೇಬೇಕು.

ಮುಂದಿನದೇ ಮುಖ್ಯ ಘಟ್ಟ. ದಪ್ಪ ತಳದ ಪಾತ್ರೆಯಲ್ಲಿ 2 ದೊಡ್ಡ ಚಮಚ ಹಂದಿಕೊಬ್ಬನ್ನೋ ಎಣ್ಣೆಯನ್ನೋ ಚೆನ್ನಾಗಿ ಕಾಯಿಸಿ, ಸೋಸಿದ ರಸವನ್ನು ಒಮ್ಮೆಲೇ ಸುರಿದು ಕೈಬಿಡದೆ ತಿರುವಬೇಕು. ಸಿಡಿಯುತ್ತದೆ, ಮುಚ್ಚಳ ಕೈಗೆಟಕುವಂತಿರಲಿ. ಕಿತ್ತಳೆಗೆಂಪು ಇಟ್ಟಿಗೆಗೆಂಪಿಗೆ ತಿರುಗಿ, ಅಂಚಿನಲ್ಲಿ ಜಿಡ್ಡು ಬಿಡತೊಡಗಿದಾಗ ಹಸಿವಾಸನೆ ಹೋಗಿರುತ್ತದೆ. ಬಳಿಕ ಒಂದು ಬಟ್ಟಲು ಕೋಳಿಯ ಸಾರನ್ನೋ ನೀರನ್ನೋ ಹೊಯ್ದು, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸುತ್ತೇನೆ.

ಊರಿನಲ್ಲಿ ಮಾಡುವವರು ಗುವಾಹಿಯೊ ಬದಲು ಬ್ಯಾಡಗಿಯನ್ನು ಧಾರಾಳವಾಗಿ ಬಳಸಬಹುದು. ಕಡುಗೆಂಪು ಬಣ್ಣ, ಕಡಿಮೆ ಖಾರ ಎರಡೂ ಅದರಲ್ಲಿವೆ. ಆಂಚೊಗೆ ಮಾತ್ರ ಸರಿಸಾಟಿಯಿಲ್ಲ. ನಾಲ್ಕೈದು ಒಣದ್ರಾಕ್ಷಿ ಸೇರಿಸಿ ರುಬ್ಬಿದರೆ ಸಿಹಿಯೇನೋ ಬರುತ್ತದೆ, ಮಂದತೆ ಬರುವುದಿಲ್ಲ.