ಡಿಸ್ಚಾರ್ಜ್ ಆದ ಮೇಲಿನ ದಿನಗಳು

ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಮೊದಲು ಕೇಳುತ್ತಿದ್ದುದು ಒಂದೇ: "ಯಾಕೆ ಹೀಗೆ ಮಾಡ್ಕೊಂಡ್ರಿ?" ಅಷ್ಟು ಹೊತ್ತಿಗೆ ಡಾಕ್ಟರು, ನರ್ಸು, ಮನೆಯವರು, ನೋಡಲು ಬಂದ ನೆಂಟರು ಎಲ್ಲರೂ ಅದನ್ನೇ ಕೇಳಿ ಆಗಿರುತ್ತಿತ್ತು. ಒಬ್ಬ ಯುವತಿ ನನ್ನ ಪ್ರಶ್ನೆಗೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಸಹಾಯಕ್ಕೆ ಹೋದವಳು ನಾನು, ವಿಚಾರಣೆಗೆ ಬಂದವಳ ಹಾಗೆ ಕಂಡಿದ್ದೆ.

ಮರುದಿನ ಸುಮ್ನೆ ಪಕ್ಕದಲ್ಲಿ ಕೂತೆ. "ನೀವು ಉಳಿದಿದ್ದು ನನಗೆ ಸಮಾಧಾನ. ಈಗ ಯಾವುದು ಜಾಸ್ತಿ ಕಷ್ಟ ಅನ್ನಿಸ್ತಿದೆ?" ಅಂದೆ. ತುಂಬ ಹೊತ್ತಿನ ಮೇಲೆ ಉತ್ತರ ಬಂತು. "ಮನೆಗೆ ಹೋಗೋದು."

ಆ ಉತ್ತರ ನನ್ನ ಕೆಲಸದ ದಿಕ್ಕನ್ನೇ ಬದಲಿಸಿತು. ಡಿಸ್ಚಾರ್ಜ್ ಆದರೆ ಗಂಡಾಂತರ ಕಳೆಯಿತು ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ಆಸ್ಪತ್ರೆ ಬಿಟ್ಟ ಮೊದಲ ಕೆಲವು ವಾರ, ಮೂರು ತಿಂಗಳು ಬಹಳ ಸೂಕ್ಷ್ಮ. ಅದೇ ಮನೆ, ಅದೇ ಸಾಲ, ಅದೇ ಜಗಳ. ಅದರ ಮೇಲೆ ನಾಚಿಕೆ ಬೇರೆ.

ಹಾಗಾಗಿ ಮನೆಗೆ ಹೊರಡುವ ಮೊದಲೇ ನಾವಿಬ್ಬರೂ ಕೂತು ಒಂದು ಕಾಗದ ಬರೆದೆವು. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆ ಅದು. ಕಷ್ಟ ಹತ್ತಿರ ಬರುವ ಸೂಚನೆ ಏನು, ಆಗ ಒಬ್ಬರೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂತರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಯಾರ ಹತ್ತಿರ ಬಾಯಿಬಿಟ್ಟು ಸಹಾಯ ಕೇಳಬಹುದು, ಯಾವ ಡಾಕ್ಟರು, ಯಾವ ಸಹಾಯವಾಣಿ. ಮೊದಲ ಸಾಲಿಗೆ ನಾನು 'ಖಿನ್ನತೆ ಹೆಚ್ಚಾದಾಗ' ಅಂತ ಬರೆದಿದ್ದೆ. ಆಕೆ ಅದನ್ನು ಹೊಡೆದುಹಾಕಿ 'ಫೋನ್ ಸೈಲೆಂಟ್‌ಗೆ ಹಾಕಿ ಚಾದರ ಹೊದ್ದುಕೊಂಡಾಗ' ಅಂತ ಬರೆದರು. ಅಂದಿನಿಂದ ಪೆನ್ನನ್ನು ಅವರವರ ಕೈಗೇ ಕೊಡುತ್ತೇನೆ.

ಮನೆಯವರ ಜೊತೆ ಮಾತಾಡುವುದೇ ನನಗೆ ದೊಡ್ಡ ಕೆಲಸ. ಆಕೆಯ ಅಮ್ಮ ಬಾತ್‌ರೂಮ್ ಬಾಗಿಲ ಹೊರಗೆ ನಿಂತಿರುತ್ತಿದ್ದರು. ಪ್ರೀತಿಯೇ ಅದು, ಆದರೆ ಮಗಳಿಗೆ ಕಾವಲು ಅನ್ನಿಸುತ್ತಿತ್ತು. "ಅಪಾಯ ಆಗಬಹುದಾದ ವಸ್ತುಗಳನ್ನು ಕೈಗೆ ಸಿಗದ ಹಾಗೆ ತೆಗೆದಿಡಿ, ಆದರೆ ಮಗಳಿಗೆ ಹೇಳಿಯೇ ಇಡಿ" ಅಂದೆ. ಆ ತೀವ್ರ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಅದು ಕಳೆಯುವಷ್ಟು ಸಮಯ ಸಿಕ್ಕರೆ ಜೀವ ಉಳಿಯುತ್ತದೆ. "ಸಾಯಬೇಕು ಅನ್ನಿಸ್ತಿದ್ಯಾ ಅಂತ ಕೇಳಿದ್ರೆ ನಾವೇ ನೆನಪಿಸಿದ ಹಾಗಾಗಲ್ವಾ?" ಅಂತ ಅಮ್ಮ ಹೆದರಿದ್ದರು. ಆಗಲ್ಲ. ನೇರವಾಗಿ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ ಅಂತ ಸಂಶೋಧನೆಗಳೂ ಹೇಳುತ್ತವೆ. ಇನ್ನೊಂದು ಮಾತನ್ನೂ ಅವರಿಗೆ ಹೇಳಿದೆ. ಒಮ್ಮೆ ಪ್ರಯತ್ನಿಸಿ ಉಳಿದವರಲ್ಲಿ 10ರಲ್ಲಿ ಸುಮಾರು 9 ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಅಮ್ಮ ಆಗಲೇ ಮೊದಲ ಸಲ ಅತ್ತಿದ್ದು.

ಆಮೇಲೆ ಫೋನ್. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದವರಿಗೆ 5 ವರ್ಷ ಚಿಕ್ಕ ಚಿಕ್ಕ ಪತ್ರ ಕಳಿಸಿದರು. ಹೇಗಿದ್ದೀರಿ ಅನ್ನುವಷ್ಟೇ, ಏನೂ ಬೇಡುವ ಪತ್ರವಲ್ಲ. ಪತ್ರ ಹೋದವರಲ್ಲಿ ಮೊದಲ 2 ವರ್ಷ ಆತ್ಮಹತ್ಯೆ ಕಡಿಮೆ ಇತ್ತು. ಅದನ್ನು ಓದಿದ ಮೇಲೆ ನಾನು ಡಿಸ್ಚಾರ್ಜ್ ಆದ ಮರುದಿನ, ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡತೊಡಗಿದೆ. ಎತ್ತದಿದ್ದರೆ ಬೇಜಾರಿಲ್ಲ, ಮತ್ತೆ ಮಾಡುತ್ತೇನೆ. ಬುದ್ಧಿವಾದ ಮಾತ್ರ ಹೇಳುವುದಿಲ್ಲ.

ಐದನೇ ವಾರ ಆಕೆಯೇ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಮೊದಲ ಮೂರು ಸಾಲು ಮಾಡಿ ನೋಡ್ದೆ ಮೇಡಂ, ಆಗ್ಲಿಲ್ಲ. ಈಗ ನಾಲ್ಕನೇದಕ್ಕೆ ಬಂದಿದ್ದೀನಿ. ಅಮ್ಮನಿಗೆ ಹೇಳಿದೆ, ಪಕ್ಕದಲ್ಲೇ ಕೂತಿದ್ದಾರೆ."

ಆ ಸಂಜೆಯೇ ಮೂವರೂ ಡಾಕ್ಟರ ಹತ್ತಿರ ಹೋದೆವು. ಕಾಗದ ಆಕೆಯ ಕೈಯಲ್ಲೇ ಇತ್ತು, ಮಡಿಕೆ ಹರಿಯುವಷ್ಟು ಸವೆದಿತ್ತು.